ಸಹವಾಸದೋಷವೆಂಬ ಸುಲಭ ಸಮಾಧಾನ

ಎಂಟನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಗುಟ್ಕಾದ ಪೊಟ್ಟಣವೋ ಅರ್ಧ ಸೇದಿ ಆರಿಸಿದ ಸಿಗರೇಟೋ ದೊರೆತ ದಿನ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಒಂದೇ: ‘ನಮ್ಮ ಹುಡುಗ ಅಂಥವನಲ್ಲ, ಆ ಹುಡುಗರ ಜೊತೆ ಸೇರಿ ಕೆಟ್ಟ.’ ಮುಖ್ಯೋಪಾಧ್ಯಾಯರು ಅದನ್ನು ಅನುಮೋದಿಸುತ್ತಾರೆ. ಮಾದಕವಸ್ತು ವಿರೋಧಿ ದಿನದಂದು ಶಾಲೆಗೆ ಬಂದು ಭಾಷಣ ಮಾಡುವ ಗಣ್ಯರು ಅದನ್ನೇ ವಿಸ್ತರಿಸುತ್ತಾರೆ. ‘ಸಹವಾಸದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆ ಎಲ್ಲರ ನೆರವಿಗೂ ಸಿದ್ಧವಾಗಿ ನಿಂತಿರುತ್ತದೆ. ಇಷ್ಟೊಂದು ಜನ ಇಷ್ಟು ಕಾಲದಿಂದ ಇಷ್ಟು ನಿಸ್ಸಂದೇಹವಾಗಿ ಒಪ್ಪಿಕೊಂಡು ಬಂದಿರುವ ಅಭಿಪ್ರಾಯವನ್ನು ಎದುರಿಸಿ ಮಾತನಾಡುವುದು ಸುಲಭವಲ್ಲ. ಆದರೂ ಎದುರಿಸಲೇಬೇಕಾಗಿದೆ, ಏಕೆಂದರೆ ಈ ಅಭಿಪ್ರಾಯ ಸತ್ಯದ ಒಂದು ತುಣುಕನ್ನು ಹಿಡಿದು ಉಳಿದುದೆಲ್ಲವನ್ನೂ ಮರೆಮಾಡಿದೆ, ಮತ್ತು ಆ ಮರೆಯಲ್ಲಿ ಪ್ರತಿವರ್ಷವೂ ಮಕ್ಕಳು ಹಾಳಾಗುತ್ತಿದ್ದಾರೆ.

ಮೊದಲು ಇದರ ತರ್ಕವನ್ನೇ ಪರೀಕ್ಷಿಸೋಣ. ಐವರು ಬಾಲಕರು ಕೆರೆಯ ಏರಿಯ ಹಿಂದೆ ಕುಳಿತು ಬೀಡಿ ಸೇದಿದರೆಂದು ಭಾವಿಸಿರಿ. ಐದು ಮನೆಗಳಲ್ಲಿಯೂ ತಾಯ್ತಂದೆಯರು ತಮ್ಮ ಮಗ ಉಳಿದ ನಾಲ್ವರಿಂದ ಕೆಟ್ಟನೆಂದೇ ನಂಬುತ್ತಾರೆ. ಆದರೆ ಐದು ಮನೆಗಳ ನಂಬಿಕೆಯೂ ಏಕಕಾಲದಲ್ಲಿ ನಿಜವಾಗಿರುವುದು ಅಸಾಧ್ಯ. ಕೆಡಿಸಿದವನೊಬ್ಬನು ಇದ್ದೇ ಇರಬೇಕಾದರೆ ಅವನೂ ಆ ಐದರಲ್ಲಿ ಒಂದು ಮನೆಯ ಮಗನೇ, ಆ ಮನೆಯವರ ಪಾಲಿಗೆ ಅವನೂ ‘ಅಂಥವನಲ್ಲ’. ದೋಷವನ್ನು ಒಂದು ಹೊಸಿಲಿನಿಂದ ಮತ್ತೊಂದು ಹೊಸಿಲಿಗೆ ದಾಟಿಸುತ್ತಲೇ ಹೋಗುವ ಈ ವಿವರಣೆ, ದೋಷ ಹುಟ್ಟಿದ್ದೆಲ್ಲಿ ಎಂಬ ಪ್ರಶ್ನೆಗೆ ಎಲ್ಲಿಯೂ ಉತ್ತರ ಕೊಡುವುದಿಲ್ಲ. ಆ ಮೊದಲ ಬೀಡಿ, ಅದನ್ನು ಕೊಳ್ಳಲು ಬೇಕಾದ ಕಾಸು, ಕಡ್ಡಿ ಗೀರಿ ಅಂಗೈ ಮರೆಮಾಡಿ ಹೊತ್ತಿಸುವ ಕೌಶಲ, ಹೊಗೆ ಬಿಟ್ಟವನು ಗಂಡಸಾದನೆಂಬ ಭಾವನೆ, ಇವುಗಳಲ್ಲಿ ಯಾವುದನ್ನೂ ಹನ್ನೆರಡು ವರ್ಷದ ಮಕ್ಕಳು ತಾವಾಗಿ ಕಂಡುಹಿಡಿದುದಿಲ್ಲ. ಇವೆಲ್ಲವೂ ಹಿರಿಯರ ಲೋಕದಿಂದ ಅವರಿಗೆ ಇಳಿದುಬಂದ ಆಸ್ತಿ.

ಸಾಮಾನ್ಯರ ಈ ನಂಬಿಕೆಗೆ ವಿದ್ವಾಂಸರ ಬೆಂಬಲವೂ ದೊರೆತಿರುವುದುಂಟು. ಅಮೆರಿಕದಲ್ಲಿ ಜೂಡಿತ್ ರಿಚ್ ಹ್ಯಾರಿಸ್ ಎಂಬಾಕೆ 1998ರಲ್ಲಿ ಪ್ರಕಟಿಸಿದ ‘ದಿ ನರ್ಚರ್ ಅಸಂಪ್ಷನ್’ ಎಂಬ ಗ್ರಂಥದಲ್ಲಿ, ಮಕ್ಕಳನ್ನು ರೂಪಿಸುವವರು ಓರಗೆಯವರೇ ಹೊರತು ತಾಯ್ತಂದೆಯರ ಪಾಲನೆಗೆ ಬಾಳುವಂಥ ಪ್ರಭಾವ ಅತ್ಯಲ್ಪವೆಂದು ಬಹು ಚಾತುರ್ಯದಿಂದ ವಾದಿಸಿದರು. ಅದಕ್ಕೂ ಹಿಂದೆ, 1983ರಲ್ಲಿ, ಲಾಸ್ ಏಂಜಲಿಸ್ ನಗರದ ಪೊಲೀಸರು ‘ಡೇರ್’ ಎಂಬ ಯೋಜನೆಯೊಂದನ್ನು ಆರಂಭಿಸಿ ಸಮವಸ್ತ್ರ ಧರಿಸಿದ ಅಧಿಕಾರಿಗಳನ್ನೇ ತರಗತಿಗಳಿಗೆ ಕಳುಹಿಸಿ, ಗೆಳೆಯರು ಒತ್ತಾಯಪಡಿಸಿದಾಗ ‘ಬೇಡ’ ಎನ್ನುವುದನ್ನು ಮಕ್ಕಳಿಗೆ ಕಲಿಸಿದರು. ಆ ಯೋಜನೆ ದೇಶದಾದ್ಯಂತ ಹಬ್ಬಿತು, ಜನಪ್ರಿಯವಾಯಿತು. ಆದರೆ 1994ರಲ್ಲಿ ಅದರ ಫಲಿತಾಂಶಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದವರಿಗೆ, ಮಕ್ಕಳು ಮಾದಕವಸ್ತುಗಳನ್ನು ಬಳಸುವುದರ ಮೇಲೆ ಅದರ ಪರಿಣಾಮ ತೀರ ಕ್ಷೀಣವಾಗಿ ಕಂಡಿತು. ರೋಗದ ಮೂಲವನ್ನು ತಪ್ಪಾಗಿ ಊಹಿಸಿ ಕೊಟ್ಟ ಔಷಧ ಹೇಗೆ ತಾನೆ ಫಲಿಸೀತು?

ಸ್ನೇಹಿತರು ಸೇದುತ್ತಾರೆ, ಹುಡುಗನೂ ಸೇದುತ್ತಾನೆ. ಆದ್ದರಿಂದ ಸ್ನೇಹಿತರೇ ಕಾರಣ ಎಂಬ ಅನುಮಾನದಲ್ಲಿ ಹೆಜ್ಜೆ ಎಡವುವ ಸ್ಥಳ ಯಾವುದೆಂಬುದನ್ನು ಡೆನೀಸ್ ಕ್ಯಾಂಡೆಲ್ ಎಂಬ ಸಮಾಜಶಾಸ್ತ್ರಜ್ಞೆ 1978ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ವಿದ್ಯಾರ್ಥಿಮಿತ್ರರನ್ನು ಶಾಲಾವರ್ಷದ ಆರಂಭದಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ವಿಚಾರಿಸಿ, ಯಾರು ಯಾರನ್ನು ಬಿಟ್ಟರು, ಯಾರು ಯಾರನ್ನು ಹೊಸದಾಗಿ ಸೇರಿದರು ಎಂಬುದನ್ನು ಅವರು ಲೆಕ್ಕಹಾಕಿದಾಗ, ಗೆಳೆಯರ ನಡುವಿನ ಸಾದೃಶ್ಯಕ್ಕೆ ಪರಸ್ಪರ ಪ್ರಭಾವ ಎಷ್ಟು ಕಾರಣವೋ, ಮೊದಲೇ ಸಮಾನಶೀಲರಾಗಿದ್ದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಸೇರಿದ್ದೂ ಸರಿಸುಮಾರು ಅಷ್ಟೇ ಕಾರಣವೆಂದು ವ್ಯಕ್ತವಾಯಿತು. ಮುಂದೆ ಬೌಮನ್ ಮತ್ತು ಎನೆಟ್ ಎಂಬಿಬ್ಬರು ಸಂಶೋಧಕರು ಇನ್ನೊಂದು ನ್ಯೂನತೆಯನ್ನು ಬಯಲಿಗೆಳೆದರು. ‘ನಿನ್ನ ಗೆಳೆಯರು ಸೇದುತ್ತಾರೆಯೇ’ ಎಂದು ಹುಡುಗನನ್ನೇ ಕೇಳಿ ಬರೆದುಕೊಂಡರೆ, ಸೇದುವ ಹುಡುಗ ತನ್ನ ನಡತೆಯನ್ನೇ ಗೆಳೆಯರ ಮೇಲೂ ಆರೋಪಿಸಿ ಹೇಳುತ್ತಾನೆ. ಹೀಗೆ ಗೆಳೆಯರ ಪ್ರಭಾವ ಇರುವುದಕ್ಕಿಂತ ಬಹು ದೊಡ್ಡದಾಗಿ ಕಾಣುತ್ತದೆ. ಹಾಗಾದರೆ ನಿಜವಾಗಿ ಕೇಳತಕ್ಕ ಪ್ರಶ್ನೆ ಬೇರೆ: ಅಂಥ ಗೆಳೆಯನನ್ನೇ ಅರಸಿಕೊಂಡು ಹೋಗುವ ಮನಸ್ಸನ್ನು ಹುಡುಗ ಎಲ್ಲಿಂದ ತಂದ?

ಈ ಪ್ರಶ್ನೆಗೆ ಉತ್ತರವನ್ನು ಗೆಳೆಯರ ಗುಂಪೇ ಇಲ್ಲದ ವಯಸ್ಸಿನಲ್ಲಿ ಹುಡುಕಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಎರಡರಿಂದ ಆರು ವರ್ಷದ 120 ಮಕ್ಕಳ ಮುಂದೆ ಆಟದ ಅಂಗಡಿಯೊಂದನ್ನು ಹೂಡಿ, ಕೈಗೆ ಗೊಂಬೆಗಳನ್ನು ಕೊಟ್ಟು, ಮನೆಗೆ ನೆಂಟರು ಬರುತ್ತಾರೆ, ಬೇಕಾದ ಸಾಮಾನನ್ನು ಕೊಂಡುಕೊಳ್ಳಿ ಎಂದು ಹೇಳಲಾಯಿತು. ಹಾಲು, ಹಣ್ಣು, ಮಿಠಾಯಿಗಳ ನಡುವೆ ಸಿಗರೇಟಿನ ಪ್ಯಾಕುಗಳೂ ಮದ್ಯದ ಸೀಸೆಗಳೂ ಆ ಅಂಗಡಿಯಲ್ಲಿದ್ದವು. ನೂರಕ್ಕೆ 28 ಮಕ್ಕಳು ಸಿಗರೇಟನ್ನೂ ನೂರಕ್ಕೆ 61ಕ್ಕೂ ಮಿಗಿಲಾದವರು ಮದ್ಯವನ್ನೂ ‘ಕೊಂಡರು’. ತಂದೆಯೋ ತಾಯಿಯೋ ಸೇದುವ ಮನೆಯ ಮಕ್ಕಳು ಸಿಗರೇಟು ಕೊಳ್ಳುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು, ಕುಡಿಯುವವರ ಮನೆಯ ಮಕ್ಕಳು ಮದ್ಯ ಕೊಳ್ಳುವ ಸಂಭವ ಸುಮಾರು ಮೂರು ಪಟ್ಟು ಅಧಿಕವಾಗಿತ್ತು. ಮಾತು ಇನ್ನೂ ತೊದಲುತ್ತಿರುವ ಆ ಕೂಸುಗಳನ್ನು ಕೆಡಿಸಿದ ದುಷ್ಟ ಗೆಳೆಯ ಯಾರು? ಅವುಗಳಿಗೆ ಇನ್ನೂ ಗೆಳೆಯರೆಂಬುವರೇ ಇರಲಿಲ್ಲ. ಮನೆಗೆ ನೆಂಟರು ಬಂದಾಗ ದೊಡ್ಡವರು ಏನನ್ನು ತಂದಿಡುತ್ತಾರೆಂಬುದನ್ನು ಅವು ನೋಡಿದ್ದವು, ನೆನಪಿಟ್ಟುಕೊಂಡಿದ್ದವು.

ದೂರದೇಶದ ದೃಷ್ಟಾಂತ ನಮಗೇಕೆ ಎನ್ನುವವರು ನಮ್ಮ ದೇಶದ ಲೆಕ್ಕವನ್ನೇ ನೋಡಬಹುದು. 2019ರಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳನ್ನು ಕುರಿತು ಭಾರತದಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ನೂರಕ್ಕೆ 8.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಅದಕ್ಕಿಂತಲೂ ಮನಸ್ಸನ್ನು ಕಲಕುವುದು ಆರಂಭದ ವಯಸ್ಸು: ಸಿಗರೇಟು ಸೇದಿದವರಲ್ಲಿ ನೂರಕ್ಕೆ 38, ಬೀಡಿ ಸೇದಿದವರಲ್ಲಿ 47, ಹೊಗೆಯಿಲ್ಲದ ತಂಬಾಕನ್ನು ಬಾಯಿಗಿಟ್ಟವರಲ್ಲಿ 52 ಮಕ್ಕಳು ಹತ್ತನೆಯ ಹುಟ್ಟುಹಬ್ಬಕ್ಕೆ ಮುಂಚೆಯೇ ಅದರ ರುಚಿ ನೋಡಿದ್ದರು. ಹತ್ತು ತುಂಬದ ಮಗು ಯಾವ ಪಟಾಲಮ್ಮಿನೊಡನೆ ಅಲೆಯುತ್ತದೆ? ಅದರ ಲೋಕವೆಂದರೆ ಅಜ್ಜಿಯ ಎಲೆಅಡಿಕೆಯ ತಟ್ಟೆ, ಜಗಲಿಯ ಮೇಲಿನ ದೊಡ್ಡಪ್ಪ, ಗೂಟಕ್ಕೆ ತೂಗುಹಾಕಿದ ಅಪ್ಪನ ಅಂಗಿಯ ಜೇಬು.

ಅದೇ ಸಮೀಕ್ಷೆಯಲ್ಲಿ ಮಿಜೋರಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ನೂರಕ್ಕೆ 58 ವಿದ್ಯಾರ್ಥಿಗಳು ತಂಬಾಕು ಬಳಸುವವರೆಂದೂ ಹಿಮಾಚಲದಲ್ಲಿ 1.1, ಕರ್ನಾಟಕದಲ್ಲಿ 1.2 ಮಾತ್ರವೆಂದೂ ಕಂಡುಬಂದಿದೆ. ಮಿಜೋರಾಮಿನ ಬಾಲಕನಿಗೂ ಹಿಮಾಚಲದ ಬಾಲಕನಿಗೂ ಓರಗೆಯವರು ಇದ್ದಾರೆ. ಇಬ್ಬರಿಗೂ ಅವರ ಮೆಚ್ಚುಗೆ ಬೇಕು. ಆ ವಯಸ್ಸಿನ ಸ್ವಭಾವ ಪರ್ವತಗಳನ್ನು ದಾಟಿದೊಡನೆ ಐವತ್ತು ಪಟ್ಟು ಬದಲಾಗುವುದಿಲ್ಲ. ಬದಲಾಗುವುದು ಹಿರಿಯರ ನಡತೆ. 2016-17ರ ವಯಸ್ಕರ ಸಮೀಕ್ಷೆಯಲ್ಲಿ ಮಿಜೋರಾಮಿನಲ್ಲಿ ನೂರಕ್ಕೆ 58.7, ಅರುಣಾಚಲದಲ್ಲಿ 45.5 ಮಂದಿ ತಂಬಾಕು ಬಳಸುತ್ತಿದ್ದರೆ ಹಿಮಾಚಲದಲ್ಲಿ 16.1 ಮಂದಿ ಮಾತ್ರ ಬಳಸುತ್ತಿದ್ದರು. ಕರ್ನಾಟಕದ ವಯಸ್ಕರ ಸಂಖ್ಯೆ 22.8. ಇದನ್ನು ಓದಿ ನಮ್ಮವರು ಹಿಗ್ಗಬೇಕಾದುದಿಲ್ಲ; ಶಾಲೆಯಲ್ಲಿ ಕುಳಿತು ಪ್ರಶ್ನಪತ್ರಿಕೆಗೆ ಉತ್ತರ ಬರೆದ ಮಕ್ಕಳ ಲೆಕ್ಕವಿದು, ಶಾಲೆ ಬಿಟ್ಟು ಗ್ಯಾರೇಜು ಸೇರಿದ ಬಾಲಕ ಇದರಲ್ಲಿ ಇಲ್ಲ. ಆದರೂ ಎಲ್ಲಿ ಹಿರಿಯರ ಬಾಯಿ ತಂಬಾಕಿನಿಂದ ತುಂಬಿದೆಯೋ ಅಲ್ಲಿ ಕಿರಿಯರ ಬಾಯಿಯೂ ತುಂಬಿದೆಯೆಂಬ ಸಂಗತಿಯನ್ನು ಸಹವಾಸವಾದಿಗಳು ಯಾವ ರೀತಿ ವಿವರಿಸುತ್ತಾರೆಂಬುದನ್ನು ತಿಳಿಯಬೇಕೆಂಬ ಕುತೂಹಲ ನನಗಿದೆ.

ಸಹವಾಸದೋಷಕ್ಕೆ ಉದಾಹರಣೆಯಾಗಿ ಮಹಾತ್ಮ ಗಾಂಧಿಯವರ ಬಾಲ್ಯವನ್ನೇ ಹೇಳುವವರಿದ್ದಾರೆ. ಗೆಳೆಯನೊಬ್ಬನ ಮಾತಿಗೆ ಮರುಳಾಗಿ ಅವರು ಗುಟ್ಟಾಗಿ ಮಾಂಸಾಹಾರ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆತ್ಮಕಥೆಯನ್ನು ಗಮನವಿಟ್ಟು ಓದಿದವರಿಗೆ ಇನ್ನೆರಡು ಸಂಗತಿಗಳು ಕಾಣದಿರಲಾರವು. ಆ ಗೆಳೆಯ ಮೊದಲು ಅವರ ಅಣ್ಣನ ಗೆಳೆಯ. ಅಣ್ಣ ಆಗಲೇ ಆ ದಾರಿ ಹಿಡಿದಿದ್ದುದರಿಂದ ಗೆಳೆಯನ ವಾದಕ್ಕೆ ಮನೆಯೊಳಗಿನಿಂದಲೇ ಸಮರ್ಥನೆ ದೊರೆಯಿತು. ಧೂಮಪಾನದ ವಿಷಯದಲ್ಲಂತೂ ಅವರೂ ಅವರ ಸಂಬಂಧಿಯಾದ ಇನ್ನೊಬ್ಬ ಬಾಲಕನೂ ಅನುಕರಿಸಿದುದು ಚಿಕ್ಕಪ್ಪನನ್ನು. ಆರಂಭಿಸಿದುದು ಚಿಕ್ಕಪ್ಪ ಸೇದಿ ಎಸೆದ ತುಂಡುಗಳಿಂದ. ಇಬ್ಬರು ಹುಡುಗರು ಜೊತೆಗೂಡಿ ಮಾಡಿದರೆಂಬುದು ನಿಜ. ಆದರೆ ಆ ಜೊತೆಗೆ ಪಠ್ಯವನ್ನು ಒದಗಿಸಿದವರು ಮನೆಯ ಹಿರಿಯರೇ. ಗಾಂಧಿಯವರನ್ನು ಕಳ್ಳತನದ ಹಾದಿಯಿಂದ ಹಿಂದಕ್ಕೆ ತಂದ ಶಕ್ತಿ ಯಾವುದೆಂಬುದನ್ನೂ ಜೊತೆಯಲ್ಲಿಯೇ ನೆನೆಯಬೇಕು. ಅಣ್ಣನ ಕಡಗದಿಂದ ಚಿನ್ನದ ಚೂರೊಂದನ್ನು ಕದ್ದ ತಪ್ಪನ್ನು ಚೀಟಿಯಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಆ ಬಾಲಕ ಕೊಟ್ಟ. ತಂದೆ ಗದರಲಿಲ್ಲ, ಹೊಡೆಯಲಿಲ್ಲ, ಕಣ್ಣೀರು ಸುರಿಸಿ ಚೀಟಿಯನ್ನು ಹರಿದುಹಾಕಿದರು. ಹುಡುಗ ತಪ್ಪನ್ನು ಒಯ್ದು ಒಪ್ಪಿಸಲು ಧೈರ್ಯ ಮಾಡಬಹುದಾದಂಥ ತಂದೆ ಆ ಮನೆಯಲ್ಲಿದ್ದರು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಸಂಜೆಯ ಹೊತ್ತು ಆಡುತ್ತಿರುವ ಮಗನನ್ನು ಕರೆದು, ಕೈಗೆ ದುಡ್ಡು ಕೊಟ್ಟು, ‘ಓಡಿಹೋಗಿ ಗೂಡಂಗಡಿಯಿಂದ ಒಂದು ಕಟ್ಟು ಬೀಡಿ ತಾ ಮಗಾ, ಚಿಲ್ಲರೆ ನೀನಿಟ್ಟುಕೋ’ ಎನ್ನುವ ತಂದೆ ತಾನು ಯಾವ ಪಾಠ ಹೇಳುತ್ತಿದ್ದೇನೆಂದು ಕ್ಷಣಮಾತ್ರವೂ ಯೋಚಿಸುವುದಿಲ್ಲ. ವಸ್ತುವಿನ ಹೆಸರು, ಬೆಲೆ, ದೊರೆಯುವ ಸ್ಥಳ, ಮಾರುವವನ ಪರಿಚಯ, ತಂದುಕೊಟ್ಟರೆ ಸಿಗುವ ಬಹುಮಾನ ಇವೆಲ್ಲವೂ ಆ ಒಂದು ಓಟದಲ್ಲಿ ಮಗುವಿಗೆ ಕರಗತವಾಗುತ್ತವೆ. ಅಜ್ಜಿ ಕಡ್ಡಿಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಬಾಯಿಗಿಟ್ಟುಕೊಳ್ಳುವಾಗ ಮಡಿಲಲ್ಲಿ ಕುಳಿತ ಮೊಮ್ಮಗು ಕೈಚಾಚಿದರೆ, ಹಲ್ಲುನೋವಿಗೆ ಒಳ್ಳೆಯದೆಂದು ಚಿಟಿಕೆಯಷ್ಟು ಒಸಡಿಗೆ ಸವರುವ ಮನೆಗಳೂ ಇವೆ. ಮದುವೆಯ ಹಿಂದಿನ ರಾತ್ರಿ ಹಿತ್ತಿಲಲ್ಲಿ ಬಾಟಲಿಗಳು ತೆರೆದಾಗ ಲೋಟ, ಐಸು, ಕಡಲೆಬೀಜ ಒದಗಿಸಲು ಓಡಾಡುವವರು ಹನ್ನೆರಡರ, ಹದಿಮೂರರ ಬಾಲಕರೇ. ಅವರ ಕಣ್ಣೆದುರಿನಲ್ಲಿಯೇ, ದಿನವೂ ಬಾಯಿ ಬಿಗಿದಿರುವ ಮಾವಂದಿರು ಆ ಒಂದು ರಾತ್ರಿ ನಗುತ್ತಾರೆ, ಹಾಡುತ್ತಾರೆ, ಬೆನ್ನುತಟ್ಟಿ ಮಾತಾಡಿಸುತ್ತಾರೆ. ಆನಂದಕ್ಕೂ ಮದ್ಯಕ್ಕೂ ನಂಟು ಹಾಕಿಕೊಡಲು ಇದಕ್ಕಿಂತ ಸಮರ್ಥವಾದ ಶಾಲೆಯನ್ನು ಯಾವ ಪೋಕರಿ ಹುಡುಗನೂ ನಡೆಸಲಾರ. ಮರುವರ್ಷ ಅದೇ ಬಾಲಕ ಓರಗೆಯವನೊಬ್ಬನೊಡನೆ ಬಿಯರು ಕುಡಿದು ಸಿಕ್ಕಿಬಿದ್ದಾಗ ಹಿತ್ತಿಲಿನ ಆ ರಾತ್ರಿಯನ್ನು ಒಬ್ಬರೂ ನೆನೆಯುವುದಿಲ್ಲ.

ಇಲ್ಲಿಗೆ ಪ್ರತಿವಾದಿಗಳು ಎದ್ದುನಿಂತು, ಬೀಡಿ ಮುಟ್ಟದ, ಹೆಂಡ ಕಾಣದ ಮನೆಯ ಮಕ್ಕಳೂ ಕೆಡುವುದಿಲ್ಲವೇ, ಕುಡುಕನ ಮಗ ಹನಿಯನ್ನೂ ಮುಟ್ಟದೆ ಬಾಳುವುದಿಲ್ಲವೇ ಎಂದು ಕೇಳುತ್ತಾರೆ. ಎರಡೂ ಉಂಟು. ವಂಶದಿಂದ ಬರುವ ಒಲವೂ ಒಂದಿಷ್ಟು ಉಂಟು. ಓರಗೆಯವರ ಕಣ್ಣೆದುರಿನಲ್ಲಿ ಹರೆಯದವರ ಧಾರ್ಷ್ಟ್ಯ ಹೆಚ್ಚುತ್ತದೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಆಟವೊಂದನ್ನು ಒಂಟಿಯಾಗಿ ಆಡಿದಾಗಿನದಕ್ಕಿಂತ ಗೆಳೆಯರ ಎದುರಿನಲ್ಲಿ ಆಡಿದಾಗ ಕಿಶೋರರು ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮನೆಯ ಪ್ರಭಾವವೆಂದರೆ ತಂದೆಯ ತುಟಿಯ ಬೀಡಿಯಷ್ಟೇ ಅಲ್ಲ. ಮಗ ಎಲ್ಲಿಗೆ ಹೋದ, ಯಾರ ಜೊತೆ ಕುಳಿತ, ಯಾವುದಕ್ಕೆ ಅಂಜಿದ ಎಂಬುದು ಮನೆಗೆ ತಿಳಿದಿರುವುದೂ ಪ್ರಭಾವವೇ. ಆ ತಿಳಿವು ಕಾವಲಿನಿಂದ ಬರುವುದಿಲ್ಲವೆಂಬುದನ್ನು ಸ್ವೀಡನ್ನಿನ ಹದಿನಾಲ್ಕು ವರ್ಷದ ಮಕ್ಕಳನ್ನು ಕುರಿತು ಸ್ಟಾಟಿನ್ ಮತ್ತು ಕರ್ ಎಂಬವರು 2000ದಲ್ಲಿ ಸ್ಪಷ್ಟಪಡಿಸಿದರು: ತಾಯ್ತಂದೆಯರಿಗೆ ಮಕ್ಕಳ ವಿಷಯ ಗೊತ್ತಿರುವುದು ಅವರು ಪತ್ತೇದಾರಿ ಮಾಡುವುದರಿಂದಲ್ಲ, ಮಕ್ಕಳು ತಾವಾಗಿ ಬಂದು ಹೇಳುವುದರಿಂದ. ಯಾವ ಮನೆಯಲ್ಲಿ ಬೀಡಿಯೂ ಇಲ್ಲ, ಹೆಂಡವೂ ಇಲ್ಲ, ಆದರೆ ಅಂಕಪಟ್ಟಿಯ ಹೊರತು ಮಗನೊಡನೆ ಆಡಲು ಮಾತೂ ಇಲ್ಲವೋ, ಆ ಮನೆಯ ಮಗನೂ ಮಾತನ್ನು ಹುಡುಕಿಕೊಂಡು ಬೀದಿಗೆ ಹೋಗುತ್ತಾನೆ.

ಸಹವಾಸವಾದಿಗಳ ಕೈಯಲ್ಲಿ ಇನ್ನೊಂದು ಬಲವಾದ ಅಸ್ತ್ರವುಂಟು. ಅವರು ಅದನ್ನು ಪ್ರಯೋಗಿಸದಿದ್ದರೂ ನಾನೇ ಎತ್ತಿ ತೋರಿಸುವುದು ನ್ಯಾಯ. ಪಂಕ್ಚರು ಅಂಟಿಸುವ ಸಲ್ಯೂಷನ್ನು, ವೈಟ್ನರು ಮೊದಲಾದವುಗಳನ್ನು ಬಟ್ಟೆಗೆ ಸುರಿದು ಮೂಸುವ ಚಟ ನಮ್ಮ ನಗರಗಳಲ್ಲಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಸಿದ್ಧಪಡಿಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯಲ್ಲಿ, 10ರಿಂದ 17 ವರ್ಷದವರಲ್ಲಿ ನೂರಕ್ಕೆ 1.17 ಮಂದಿಯೂ ವಯಸ್ಕರಲ್ಲಿ 0.58 ಮಂದಿಯೂ ಇಂಥವನ್ನು ಬಳಸುವರೆಂದಿದೆ. ಮಕ್ಕಳ ಪ್ರಮಾಣ ವಯಸ್ಕರದನ್ನು ಮೀರಿರುವ ಮಾದಕ ಇದೊಂದೇ. ಇದನ್ನು ಯಾವ ತಂದೆಯೂ ಕಲಿಸಲಿಲ್ಲ, ಹುಡುಗರೇ ಹುಡುಗರಿಗೆ ಕಲಿಸಿದರು ಎಂದರೆ ಒಪ್ಪಲೇಬೇಕು. ಆದರೆ ಆ ಬಟ್ಟೆಯ ಉಂಡೆಯನ್ನು ಮೂಗಿಗೆ ಹಿಡಿದ ಮಕ್ಕಳನ್ನು ನಾವು ಹೆಚ್ಚಾಗಿ ಕಾಣುವುದೆಲ್ಲಿ? ರೈಲು ನಿಲ್ದಾಣದ ಕೊನೆಯಲ್ಲಿ, ಮೇಲ್ಸೇತುವೆಯ ಕೆಳಗೆ, ಚಿಂದಿಯ ಚೀಲದ ಪಕ್ಕದಲ್ಲಿ. ಮನೆ ಬಿಟ್ಟು ಓಡಿಬಂದವರು, ಮನೆಯೇ ಬಿಟ್ಟುಹಾಕಿದವರು, ಮನೆಯೆಂಬುದನ್ನೇ ಅರಿಯದವರು ಅವರಲ್ಲಿ ಎಷ್ಟೋ ಮಂದಿ. ಅಲ್ಲಿ ಗೆಳೆಯನೇ ತಂದೆ, ಗೆಳೆಯನೇ ತಾಯಿ, ಹಸಿವಿನ ರಾತ್ರಿ ಕಳೆಯಲು ಅವನು ಕೊಟ್ಟದ್ದೇ ಪ್ರಸಾದ. ಓರಗೆಯವರ ಬಲ ಎಲ್ಲಿ ಸರ್ವಾಧಿಕಾರವಾಗುತ್ತದೆಯೋ ಅಲ್ಲಿ ಹಿರಿಯರು ತೆರವು ಮಾಡಿ ಹೋದ ಸಿಂಹಾಸನವೊಂದು ಇದ್ದೇ ಇರುತ್ತದೆ.

ಹೊರಗೆ ಕದ್ದು ಕುಡಿಯುವ ಬದಲು ನನ್ನೆದುರಿನಲ್ಲಿಯೇ ಒಂದು ಗುಟುಕು ಕುಡಿಯಲಿ, ಮಿತವನ್ನು ಕಲಿಯಲಿ ಎನ್ನುವ ನಾಗರಿಕ ತಂದೆಯರ ಹೊಸ ಪಂಥವೊಂದು ಈಚೆಗೆ ನಗರಗಳಲ್ಲಿ ಹುಟ್ಟಿದೆ. ಗೆಳೆಯರ ಭಯವೇ ಇದರ ಬೇರು. ಆಸ್ಟ್ರೇಲಿಯದಲ್ಲಿ 1927 ಕಿಶೋರರನ್ನು ಆರು ವರ್ಷಗಳ ಕಾಲ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಂಥಕ್ಕೆ ತಕ್ಕ ಉತ್ತರ ಕೊಟ್ಟಿದೆ: ಮನೆಯವರೇ ಮದ್ಯ ಕೊಡುವುದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಒದಗಲಿಲ್ಲ, ಮಿತಿಮೀರಿ ಕುಡಿಯುವ ಸಂಭವ ಹೆಚ್ಚಿದ್ದಷ್ಟೇ ಕಂಡಿತು.

ಹಿರಿಯರು ಹೊಣೆ ಹೊತ್ತರೆ ಆಗುವುದೇನೆಂಬುದಕ್ಕೆ ಐಸ್‌ಲೆಂಡ್ ಸಾಕ್ಷಿಯಾಗಿದೆ. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು, 23 ಮಂದಿ ದಿನವೂ ಸೇದುತ್ತಿದ್ದರು. 2016ರ ಹೊತ್ತಿಗೆ ಮೊದಲನೆಯದು 5ಕ್ಕೂ ಎರಡನೆಯದು 3ಕ್ಕೂ ಇಳಿದಿತ್ತು. ಗೆಳೆಯರನ್ನು ನಿರಾಕರಿಸುವ ಮಂತ್ರವನ್ನು ಅವರು ಮಕ್ಕಳಿಗೆ ಬೋಧಿಸುತ್ತ ಕೂರಲಿಲ್ಲ. ತಾಯ್ತಂದೆಯರ ಸಂಘಗಳನ್ನು ಶಾಲೆಶಾಲೆಯಲ್ಲಿ ಬಲಪಡಿಸಿ, ಅಪ್ರಾಪ್ತರಿಗೆ ಮದ್ಯ ಕೊಂಡುಕೊಡುವುದಿಲ್ಲ, ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯುತ್ತೇವೆ ಎಂದು ಹಿರಿಯರಿಂದ ವಾಗ್ದಾನ ಪಡೆದರು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಹೊರಗಿರಬಾರದೆಂಬ ನಿಯಮವನ್ನು ಜಾರಿಗೆ ತಂದರು. ಆಟಕ್ಕೆ, ಸಂಗೀತಕ್ಕೆ, ನೃತ್ಯಕ್ಕೆ ಸಾರ್ವಜನಿಕ ಹಣ ಕೊಟ್ಟರು. ಬದಲಾದವರು ಮೊದಲು ದೊಡ್ಡವರು. ಗೆಳೆಯರು ಅಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಆದರೆ ಫುಟ್‌ಬಾಲ್ ಮೈದಾನದಲ್ಲಿ ಕೂಡುವ ಗೆಳೆಯರಾಗಿ.

ಸಹವಾಸದೋಷದ ಸಿದ್ಧಾಂತವನ್ನು ನಾನು ಹಾನಿಕರವೆಂದು ಕರೆದುದಕ್ಕೆ ಮುಖ್ಯ ಕಾರಣವನ್ನು ಇನ್ನೂ ಹೇಳಿಲ್ಲ. ಕೆಡಿಸುವವನೊಬ್ಬನಿದ್ದಾನೆಂದು ನಂಬಿದ ಮೇಲೆ ಅವನನ್ನು ಗುರುತಿಸಿ ಹೊರಹಾಕುವುದೇ ಪರಿಹಾರವಾಗುತ್ತದೆ. ಆ ಗುರುತು ಬೀಳುವುದು ಯಾವಾಗಲೂ ಬಡವನ ಮಗನ ಮೇಲೆ, ಕುಡುಕನೆಂದು ಊರು ಹೆಸರಿಟ್ಟವನ ಮಗನ ಮೇಲೆ, ಕೊನೆಯ ಬೆಂಚಿನವನ ಮೇಲೆ. ಅವನ ಕೈಗೆ ಟಿ.ಸಿ. ಕೊಟ್ಟು ಕಳುಹಿಸಿದ ಶಾಲೆ ಶುದ್ಧವಾಯಿತೆಂದು ನಿಟ್ಟುಸಿರುಬಿಡುತ್ತದೆ. ಮನೆಯಲ್ಲಿ ಏಟು ತಿಂದು ಶಾಲೆಯಲ್ಲಿ ಒಬ್ಬ ಮೇಷ್ಟರ ಮುಖ ನೋಡಿಕೊಂಡಾದರೂ ಬಾಳುತ್ತಿದ್ದ ಆ ಮಗುವಿಗೆ ಇನ್ನು ಉಳಿದದ್ದು ತನ್ನಂತೆಯೇ ಹೊರಬಿದ್ದವರ ಕೂಟವೊಂದೇ. ಇಂಥ ಮಕ್ಕಳನ್ನು ಒಂದೆಡೆ ಕೂಡಿಹಾಕುವುದರ ಫಲವನ್ನು ಡಿಷನ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ವರದಿಮಾಡಿದ್ದಾರೆ: ಸುಧಾರಿಸಲೆಂದೇ ಹನ್ನೊಂದರಿಂದ ಹದಿನಾಲ್ಕು ವರ್ಷದ ದಾರಿತಪ್ಪುವ ಮಕ್ಕಳ ಗುಂಪುಗಳನ್ನು ರಚಿಸಿ ಬುದ್ಧಿ ಹೇಳಿದಾಗ ಅವರಲ್ಲಿ ತಂಬಾಕಿನ ಬಳಕೆ ಹೆಚ್ಚಾಯಿತು. ಇಲ್ಲಿ ಗೆಳೆಯರ ಪ್ರಭಾವ ಕೆಲಸ ಮಾಡಿತು, ನಿಜವೇ. ಆದರೆ ಆ ಗೆಳೆತನವನ್ನು ಕಟ್ಟಿಕೊಟ್ಟವರು ಹಿರಿಯರು. ನಾವು ಹೊರಗಟ್ಟುವುದರಿಂದಲೇ ‘ಆ ಹುಡುಗರು’ ಆ ಹುಡುಗರಾಗುತ್ತಾರೆ.

ಹಿರಿಯರೆಂದಾಗ ನನ್ನ ದೃಷ್ಟಿ ತಾಯ್ತಂದೆಯರಲ್ಲಿಗೇ ನಿಲ್ಲುವುದಿಲ್ಲ. ದಿನವಿಡೀ ಕೂಲಿಗೆ ಹೋಗಿ ಇರುಳಿಗೆ ಬರುವ ತಾಯಿಯ ತಲೆಯ ಮೇಲೆ ಎಲ್ಲವನ್ನೂ ಹೇರುವುದು ಇನ್ನೊಂದು ಅನ್ಯಾಯ. 2003ರ ತಂಬಾಕು ನಿಯಂತ್ರಣ ಕಾಯಿದೆ ವಿದ್ಯಾಸಂಸ್ಥೆಗಳ ನೂರು ಗಜದೊಳಗೆ ತಂಬಾಕು ಮಾರಬಾರದೆನ್ನುತ್ತದೆ. ಶಾಲೆಯ ಗೇಟಿನಲ್ಲಿ ನಿಂತು ಸುತ್ತ ಒಮ್ಮೆ ಕಣ್ಣುಹಾಯಿಸಿದರೆ ಆ ಕಾಯಿದೆಗೆ ನಾವು ಕೊಟ್ಟ ಮರ್ಯಾದೆ ತಿಳಿಯುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಪಾನ್ ಮಸಾಲೆಯೂ ತಂಬಾಕೂ ಎರಡು ಬೇರೆ ಪೊಟ್ಟಣಗಳಾಗಿ ಒಂದೇ ಗೂಡಂಗಡಿಯಲ್ಲಿ ಅಕ್ಕಪಕ್ಕ ತೂಗಿದವು. ಆ ಮಾಲೆಗಳನ್ನು ಕಟ್ಟಿದವರು, ಮಾರಿದವರು, ಕಂಡೂ ಕಾಣದಂತೆ ಹಾದುಹೋದವರು ಎಲ್ಲರೂ ದೊಡ್ಡವರೇ.

ಕಾನೂನು ಈ ವಿಷಯದಲ್ಲಿ ನಮ್ಮ ಗಾದೆಗಿಂತ ವಿವೇಕಶಾಲಿಯಾಗಿದೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ವಿಧಿಯ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯವನ್ನಾಗಲಿ ಮಾದಕವಸ್ತುವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಮದ್ಯವನ್ನು ಹೊತ್ತು ತರಲು ಮಗುವನ್ನು ಬಳಸಿಕೊಂಡವರಿಗೆ 78ನೆಯ ವಿಧಿ ಅಷ್ಟೇ ಶಿಕ್ಷೆಯನ್ನು ಗೊತ್ತುಪಡಿಸಿದೆ. ತಂದೆ, ಚಿಕ್ಕಪ್ಪ, ನೆಂಟ ಎಂಬ ವಿನಾಯಿತಿ ಅಲ್ಲಿ ಯಾರಿಗೂ ಇಲ್ಲ. ಆದುದರಿಂದ ತಂದೆಯಾದವನು ತನ್ನ ಬೀಡಿಯನ್ನು ಬಿಡಲಾರದಿದ್ದರೆ ತಾನೇ ಎದ್ದುಹೋಗಿ ತರಲಿ, ಹಿತ್ತಿಲಿನ ಕೂಟಕ್ಕೆ ಮಕ್ಕಳ ಪ್ರವೇಶ ನಿಲ್ಲಲಿ, ಮುಖ್ಯೋಪಾಧ್ಯಾಯರು ಟಿ.ಸಿ. ಪುಸ್ತಕವನ್ನು ತೆರೆಯುವ ಮುನ್ನ ಆ ಬಾಲಕನ ಮನೆಗೆ ಒಮ್ಮೆ ನಡೆದು ಹೋಗಲಿ. ಮುಂದಿನ ಪೋಷಕರ ಸಭೆಯಲ್ಲಿ, ನಿಮ್ಮ ಮಗ ಯಾರ ಜೊತೆ ತಿರುಗುತ್ತಾನೆ ಎಂದು ಕೇಳುವುದಕ್ಕೆ ಮುಂಚೆ, ಕಳೆದ ವಾರ ಅವನು ನಿಮಗಾಗಿ ಅಂಗಡಿಯಿಂದ ಏನು ತಂದ ಎಂದು ಕೇಳಿರಿ.